ಫುಮಿ-ಸಾನ್ ಬರೆದ ಮೂರು ಹಾಳೆ

ಬಂದೂಕು ಕಂಡರೆ ನನಗಾಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರೆಲ್ಲ "ನಿಮಗ್ಯಾಕೆ ಬೇಕಿತ್ತು ಆ ಉಸಾಬರಿ?" ಎನ್ನುತ್ತಾರೆ. ಬೇಕಿರಲಿಲ್ಲ. ಆದರೆ ಪಕ್ಕದ ಮನೆಯ ಎಂಬತ್ತೊಂದು ವರ್ಷದ ಹಿರಿಯರು ಬಾಗಿಲಲ್ಲಿ ನಿಂತು, ಸೊಂಟ ಬಗ್ಗಿಸಿ, "ಸುಮಿಮಾಸೆನ್, ಅಹರ್ಯಾ-ಸಾನ್" ಎಂದು ಕ್ಷಮೆ ಕೇಳುತ್ತಲೇ ಮಾತು ತೆಗೆದರೆ, ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಹೆಸರು ಅಹಲ್ಯಾ. ಹಮಾಮತ್ಸುವಿಗೆ ಬಂದು ಒಂಬತ್ತು ವರ್ಷವಾಯಿತು, ಈ ಊರಿನ ಜಪಾನೀ ನಾಲಿಗೆಗೆ ನನ್ನ ಲಕಾರ ಇನ್ನೂ ಒಗ್ಗಿಲ್ಲ.

ಆ ಹಿರಿಯರಾದ ಮೊಚಿಝುಕಿ-ಸಾನ್ ಬಳಿ ಅವರ ಮುತ್ತಜ್ಜನ ಕಾಲದ ಬೇಟೆ ಕೋವಿ ಇತ್ತು. ನಳಿಕೆಯ ಬಾಯಿಂದ ಕರಿಮದ್ದು ಸುರಿದು, ಅದರ ಮೇಲೆ ಗುಂಡನ್ನು ಕೋಲಿನಿಂದ ತಳ್ಳುವಂಥದ್ದು. ಮುತ್ತಜ್ಜ ಬೆಟ್ಟದಲ್ಲಿ ಕಾಡುಹಂದಿ ಹೊಡೆಯುತ್ತಿದ್ದರಂತೆ. ಇವರು ವರ್ಷಕ್ಕೊಮ್ಮೆ ಊರಾಚೆಯ ರೇಂಜಿನಲ್ಲಿ ಗುರಿಹಲಗೆಗೆ ಹೊಡೆಯುತ್ತಿದ್ದರು, ಅಷ್ಟೇ. ಆ ಕೋವಿಯ ಸೀಸದ ಗುಂಡಿಗೆ ಕಾಗದ ಸುತ್ತಬೇಕು. ನಲವತ್ತು ವರ್ಷ ಅದನ್ನು ಸುತ್ತಿಕೊಟ್ಟವರು ಅವರ ಹೆಂಡತಿ ಫುಮಿ-ಸಾನ್. ಕಳೆದ ಚಳಿಗಾಲದಲ್ಲಿ ಫುಮಿ-ಸಾನ್ ಹೋಗಿಬಿಟ್ಟರು.

ನಮ್ಮೆರಡು ಮನೆಗೂ ನಡುವೆ ಒಂದೇ ತೆಳು ಗೋಡೆ. ಫುಮಿ-ಸಾನ್ ಇದ್ದಾಗ ಸಂಜೆ ಆರೂವರೆಗೆ ಅವರ ಮೈಕ್ರೋವೇವ್ "ಟಿಂಗ್" ಎನ್ನುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಈಗ ಕೇಳುವುದಿಲ್ಲ. ಮೊಚಿಝುಕಿ-ಸಾನ್ ಕೊಂಬಿನಿ ಅಂಗಡಿಯಿಂದ ಅನ್ನದ ಡಬ್ಬಿ ತಂದು ತಣ್ಣಗೇ ತಿನ್ನುತ್ತಾರೆ. ಒಮ್ಮೆ ಕಣ್ಣಾರೆ ಕಂಡಿದ್ದೆ.

ನಾನು ಬಾಲ್ಕನಿಯಲ್ಲಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುವುದನ್ನು ಅವರು ನೋಡಿದ್ದರು. ಅದಕ್ಕೇ ಬಂದದ್ದು.

"ನಿಮ್ಮ ಬೆರಳು ಫುಮಿಯ ಬೆರಳಿನ ಹಾಗೇ ತಿರುಗುತ್ತವೆ," ಎಂದರು. "ನನ್ನ ಕೈ ನಡುಗುತ್ತದೆ, ಕಣ್ಣೂ ಮಂಜು. ಈ ಭಾನುವಾರವೇ ಕೊನೆ. ಸೋಮವಾರ ಕೋವಿ ಮ್ಯೂಸಿಯಮ್ಮಿಗೆ ಹೋಗುತ್ತದೆ. ಮೂರೇ ಗುಂಡು, ಸುತ್ತಿಕೊಡುತ್ತೀರಾ?"

ಮಡಿಸಿ ದಾರ ಕಟ್ಟಿದ ಮೂರು ಹಾಳೆ ಕೈಗಿಟ್ಟರು. "ಇದೇ ಕಾಗದ ಆಗಬೇಕು. ಫುಮಿಯದು," ಎಂದರು. ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಾರೇನು ಹೇಳಿದರೂ ಹೌದು ಹೌದು ಎನ್ನುವ ಹಾಗೆ "ಹಾಯ್, ಹಾಯ್" ಎಂದು ತಲೆಯಾಡಿಸುವುದು ನಾನು ಈ ಊರಲ್ಲಿ ಕಲಿತ ಮೊದಲ ವಿದ್ಯೆ.

ಒಳಗೆ ಬಂದು ಒಂದು ಹಾಳೆ ಬಿಚ್ಚಿದೆ. ಕುಂಚದಲ್ಲಿ ಬರೆದ ಒಂದು ಸಾಲು, ಅಕ್ಷರಗಳು ಸ್ವಲ್ಪ ಸೊಟ್ಟ. ಆ ಲಿಪಿ ಓದಲು ನನಗೆ ಬಾರದು, ಆದರೂ ಅಕ್ಷರ ಅಕ್ಷರವೇ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ಸತ್ತ ಹೆಂಗಸಿನ ಕೈಬರಹವನ್ನು ಪಟ್ಟಿ ಕತ್ತರಿಸಿ ಮದ್ದಿನ ಬೆಂಕಿಗೆ ಕೊಡುವುದೇ? ನನ್ನ ಕೈ ಸೇದಿಹೋಗಲಿ!

ಕೈಕಾಗದ ಮಾರುವ ಅಂಗಡಿಗೆ ಹೋಗಿ ಅಂಥದ್ದೇ ಬಿಳಿ ಹಾಳೆ ತಂದೆ. ಗಂಡ ಮಧುಕರ್ ಮೋಟಾರ್‌ಸೈಕಲ್ ಫ್ಯಾಕ್ಟರಿಯಲ್ಲಿ ಎಂಜಿನಿಯರು. ಮನೆಯಲ್ಲೂ ಅಳತೆ ಸಾಮಾನು ಇಟ್ಟುಕೊಂಡ ಮನುಷ್ಯ. ಎರಡೂ ಕಾಗದ ಅಳೆದ.

"ಸೇಮ್ ಟು ಸೇಮ್. ಆದ್ರೂ ಅವ್ರನ್ನ ಒಂದ್ಮಾತು ಕೇಳ್ಬಿಡು ಅಹಲ್ಯಾ."

"ಕೇಳೋದೇನ್ರೀ ಇದೆ? ಅವ್ರಿಗೆ ಬೇಕಾಗಿರೋದು ಥಿಕ್‌ನೆಸ್ಸು. ಹೊಡೆದಾದ್ಮೇಲೆ, ಅಯ್ಯೋ ಹೆಂಡ್ತಿ ಅಕ್ಷರ ಸುಟ್ಟಾಕ್ಬಿಟ್ನಲ್ಲ ಅಂತ ಅಳ್ತಾರೆ ನೋಡ್ತಿರಿ. ಆಗ ಈ ಹಾಳೆ ಕೊಡ್ತೀನಿ."

"ನಿನ್ ಜಡ್ಜ್‌ಮೆಂಟಿಗೆ ಅಪೀಲೇ ಇಲ್ಲ ಬಿಡಮ್ಮ," ಎಂದು ಎದ್ದುಹೋದ.

ಮೊಚಿಝುಕಿ-ಸಾನ್ ಕೊಟ್ಟಿದ್ದ ತಗಡಿನ ಅಚ್ಚಿಟ್ಟು ಓರೆಯಾಗಿ ಪಟ್ಟಿ ಕತ್ತರಿಸಿದೆ. ನೀರಲ್ಲಿ ಅದ್ದಿ, ಗುಂಡಿನ ಮೈಗೆ ಬಿಗಿಯಾಗಿ ಎರಡು ಸುತ್ತು. ಕೊನೆಗಳು ಒಂದಕ್ಕೊಂದು ತಾಕಬೇಕು, ಒಂದರ ಮೇಲೊಂದು ಏರಬಾರದು. ಬುಡದಲ್ಲಿ ಉಳಿದ ಕಾಗದವನ್ನು ಬತ್ತಿಯ ತುದಿ ಹೊಸೆದ ಹಾಗೆ ಹೊಸೆದು ಮಡಚಿದೆ. ಒಣಗಿದ ಮೇಲೆ ಮೂರೂ ಬಿಳಿ ರೇಷ್ಮೆಯುಟ್ಟ ಹಾಗೆ ಕಂಡವು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಫುಮಿ-ಸಾನ್ ಹಾಳೆಗಳನ್ನು ಮತ್ತೆ ದಾರ ಕಟ್ಟಿ, ರವಿಕೆ ಬಟ್ಟೆಯಲ್ಲಿ ಸುತ್ತಿ ದೇವರ ಮುಂದಿಟ್ಟೆ.

ಭಾನುವಾರ ಮಧು ಕಾರಿನಲ್ಲಿ ನಮ್ಮನ್ನು ರೇಂಜಿಗೆ ಬಿಟ್ಟ. ಮೋಡ ಕವಿದಿತ್ತು. ಮೊಚಿಝುಕಿ-ಸಾನ್ ಮದ್ದು ಸುರಿದರು, ನಾನು ಸುತ್ತಿದ ಗುಂಡನ್ನು ಒಳಕ್ಕೆ ತಳ್ಳಿದರು. ಕೋವಿ ಭುಜಕ್ಕೇರಿದಾಗ ಆ ಕೈ ನಡುಗಲಿಲ್ಲ. ಢಂ ಎಂದದ್ದಕ್ಕೆ ನಾನು ಬೆಚ್ಚಿ ಹಿಂದೆ ಸರಿದೆ. ಮೂರು ಸಲ ಅದೇ ಸದ್ದು, ಅದೇ ದಟ್ಟ ಬಿಳಿ ಹೊಗೆ. ಎರಡು ಗುಂಡು ಗುರಿಯ ನಡುವಿಗೇ ಬಿದ್ದವು ಎಂದು ರೇಂಜಿನವನು ಕೂಗಿ ಹೇಳಿದ. ಅವರು ಗುರಿಯ ಕಡೆ ನೋಡಲೂ ಇಲ್ಲ.

ಮುಂದೆ ಹೋಗಲು ಅಪ್ಪಣೆ ಸಿಕ್ಕ ಕೂಡಲೇ ಅವರು ನಾಲ್ಕು ಹೆಜ್ಜೆ ನಡೆದು ಹುಲ್ಲಲ್ಲಿ ಮಂಡಿಯೂರಿದರು. ಕಾಗದ ಸುಟ್ಟು ಬೂದಿಯಾಗುತ್ತದೆ ಎಂದುಕೊಂಡಿದ್ದೆ. ಎಲ್ಲಿ? ಗುಂಡು ಹೊರಬಿದ್ದೊಡನೆ ಅದು ಹರಿದು, ಚೂರುಚೂರಾಗಿ ಅಲ್ಲೇ ಉದುರಿತ್ತು. ಒಂದೊಂದೇ ಚೂರು ಹೆಕ್ಕಿ, ತಿರುಗಿಸಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಅಕ್ಷರ ಇಲ್ಲವಲ್ಲ, ಅಹರ್ಯಾ-ಸಾನ್," ಎಂದರು.

ನಾನು ಹಿರಿಹಿರಿ ಹಿಗ್ಗಿ ಬ್ಯಾಗಿನಿಂದ ರವಿಕೆ ಬಟ್ಟೆ ತೆಗೆದು ಬಿಚ್ಚಿದೆ. "ಉಳಿಸಿದ್ದೀನಿ ನೋಡಿ! ಮೂರೂ ಭದ್ರವಾಗಿವೆ."

ಅವರು ಖಾಲಿ ಚೂರುಗಳನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ, ನನಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಹೇಳಿದರು.

"ಪ್ರತಿ ವರ್ಷ ಫುಮಿ ಈ ಕಾಗದದಲ್ಲಿ ನನಗೊಂದು ಮಾತು ಬರೆದು ಸುತ್ತುತ್ತಿದ್ದಳು. ಇಡಿಯಾಗಿ ಓದಬಾರದು, ಅದು ನಮ್ಮಿಬ್ಬರ ಕರಾರು. ಹೊಡೆದ ಮೇಲೆ ಚೂರು ಹೆಕ್ಕಿ, ಸಿಕ್ಕ ಅಕ್ಷರದಲ್ಲಿ ನಾನು ಊಹಿಸಬೇಕು. ತಪ್ಪು ಹೇಳಿದರೆ ನಗುತ್ತಿದ್ದಳು. ಈ ಮೂರನ್ನು ಆಸ್ಪತ್ರೆಯಲ್ಲಿ ಬರೆದಳು."

"ಇನ್ನೊಂದು ಸಲ... ಇನ್ನೊಂದೇ ಗುಂಡು..." ಎಂದು ತೊದಲಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಅಪ್ಪಣೆ ಇದ್ದಷ್ಟು ಮದ್ದು ಮುಗಿದಿತ್ತು. ಬೆಳಗಾದರೆ ಕೋವಿಯೂ ಇಲ್ಲ.

"ಈಗ ಬಿಚ್ಚಿ ಓದಿಬಿಡಿ, ಮೊಚಿಝುಕಿ-ಸಾನ್."

"ಕರಾರು," ಎಂದರು. ಹಾಳೆಗಳನ್ನು ನನ್ನ ಕೈಗೇ ಇಟ್ಟು ಬಟ್ಟೆ ಮುಚ್ಚಿದರು. ಆಮೇಲೆ ಸೊಂಟದವರೆಗೂ ಬಾಗಿ, "ಇಷ್ಟು ಜೋಪಾನ ಮಾಡಿದಿರಿ. ಅರಿಗಾತೋ," ಎಂದು ಧನ್ಯವಾದ ಹೇಳಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಸಂಜೆ ದೀಪ ಹಚ್ಚಲೂ ಮನಸ್ಸಾಗದೆ ಕೂತಿದ್ದೆ. ಹನ್ನೊಂದು ವರ್ಷದ ಮಗಳು ತಾರಾ ದೇವರ ಮುಂದಿನ ಗಂಟು ಬಿಚ್ಚಿ ಒಂದು ಹಾಳೆ ಹಿಡಿದಿದ್ದಳು. ಇಲ್ಲೇ ಬೆಳೆದವಳು, ಓದಲು ಅವಳಿಗೇನು ಕಷ್ಟ? ಬೇಡ ಕಣೇ ಎನ್ನುವಷ್ಟರಲ್ಲಿ ಓದಿಬಿಟ್ಟಿದ್ದಳು.

"ಅಮ್ಮಾ, ಇಟ್ ಸೇಸ್... ಒಬ್ರೇ ಇದ್ರೂ ಅನ್ನ ಬಿಸಿ ಮಾಡ್ಕೊಂಡು ತಿನ್ನಿ. ದಟ್ಸ್ ಆಲ್."

ಗಡಿಯಾರ ನೋಡಿದೆ. ಆರೂವರೆ. ಗೋಡೆಯಾಚೆ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ಕಿತ್ತ ಸದ್ದು ಬಂತು. ಚಪ್ಪಲಿ ಸಿಕ್ಕಿಸಿಕೊಂಡು ಓಡಿ ಬೆಲ್ ಒತ್ತಿದೆ. ಮೊಚಿಝುಕಿ-ಸಾನ್ ಕೈಯಲ್ಲಿ ಚಾಪ್‌ಸ್ಟಿಕ್ ಹಿಡಿದೇ ಬಾಗಿಲು ತೆರೆದರು.

ಹೇಳಿಬಿಡಲೇ? ನಾಲಿಗೆ ತುದಿಗೆ ಬಂದಿತ್ತು, ಇದು ಫುಮಿ-ಸಾನ್ ಮಾತು ಎಂದು. ಆದರೆ ಅವರನ್ನು ಕೇಳದೆ ನನ್ನ ತಲೆಗೆ ತೋಚಿದ್ದನ್ನು ಒಮ್ಮೆ ಮಾಡಿ ಆಗಿತ್ತು. ಅವರ ಕರಾರನ್ನೂ ನಾನೇ ಮುರಿಯಲೇ?

"ಒಬ್ಬರೇ ಇದ್ದರೂ ಅನ್ನ ಬಿಸಿ ಮಾಡಿಕೊಂಡು ತಿನ್ನಿ," ಎಂದೆ, ನನ್ನ ಮಾತೆಂಬಂತೆ.

ಅವರು ನಕ್ಕರು. ಪಕ್ಕದ ಮನೆಯವಳ ಉಪಚಾರಕ್ಕೆ ನಗುವಷ್ಟೇ. "ಹಾಯ್, ಹಾಯ್," ಎಂದು ತಲೆಯಾಡಿಸಿ, ಬಾಗಿ, ಬಾಗಿಲು ಹಾಕಿಕೊಂಡರು.

ಅಲ್ಲೇ ಹೊರಗೆ ನಿಂತು ಕಿವಿಗೊಟ್ಟು ಕಾದೆ. ಟಿಂಗ್ ಎನ್ನಲಿಲ್ಲ.