ಕೇಳದೆ ಉಳಿದ ಉಪಪ್ರಶ್ನೆ

ವಿದ್ಯುತ್ ಚಿತಾಗಾರದ ಗೇಟಿನೊಳಗೆ ಒಂದು ಕಾಲಿಟ್ಟ ತಂಗಿ ಹಾಗೆಯೇ ಹಿಂದಕ್ಕೆ ತಿರುಗಿದಾಗ ಭಾವ ಓಡಿಬಂದು ಅವಳ ಹೆಗಲಚೀಲದ ಪಟ್ಟಿ ಹಿಡಿದುಕೊಂಡರು.

"ಇಲ್ಲೀವರೆಗೂ ಬಂದಿದ್ದೀಯ. ಇನ್ನು ನಾಲ್ಕು ಹೆಜ್ಜೆ ಪುಟ್ಟಿ."

"ನಾನು ಬಂದಿದ್ದು ನಿಮ್ಮ ಮುಖ ನೋಡೋಕೆ ಭಾವ. ನೋಡಿದ್ನಲ್ಲ, ಡ್ಯೂಟಿಗೆ ಹೋಗ್ತೀನಿ."

"ನನ್ನ ಮುಖ ಎಲ್ಲಿಗೂ ಹೋಗಲ್ಲ. ನಿಮ್ಮಕ್ಕಂದು ಇನ್ನು ಸ್ವಲ್ಪ ಹೊತ್ತಿಗೆ ಇರಲ್ಲ."

ಭಾವ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಎಂದೂ ದನಿ ಎತ್ತಿದವರಲ್ಲ. ಈಗಲೂ ಎತ್ತಲಿಲ್ಲ, ಆದರೆ ಚೀಲದ ಪಟ್ಟಿ ಬಿಡಲಿಲ್ಲ. ತಂಗಿ ಸಿಟಿ ಬಸ್ಸಿನ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಟಿಕೆಟ್ ಇಲ್ಲದವನ ಕಾಲರಿಗೆ ಕೈ ಹಾಕಿ ಇಳಿಸಿದ ಗಟ್ಟಿಗಿತ್ತಿ. ಆದರೆ ಈ ಮುದುಕರ ಕೈ ಕೊಡವಲು ಅವಳಿಂದ ಆಗಲಿಲ್ಲ. ಬಂದು ಹಾಲಿನ ಬೆಂಚಿನ ತುದಿಯಲ್ಲಿ ಕುಳಿತಳು. ಅಲ್ಲಿಂದ ಒಳಕೋಣೆಯ ಬಾಗಿಲು ಕಾಣುತ್ತಿತ್ತು, ಅಕ್ಕ ಕಾಣುತ್ತಿರಲಿಲ್ಲ.

ಅಕ್ಕ ನೀರು ಸರಬರಾಜು ಇಲಾಖೆಯಲ್ಲಿ ಶಾಖಾಧಿಕಾರಿ. ಸದನದಲ್ಲಿ ಶಾಸಕರು ಎದ್ದು ಪ್ರಶ್ನೆ ಕೇಳಿದಾಗ ಮಂತ್ರಿ ಓದುವ ಉತ್ತರ ಬರೆದುಕೊಡುವುದೇ ಅವಳ ಜೀವಮಾನದ ಕೆಲಸ. ನಿನ್ನೆ ಮಧ್ಯಾಹ್ನ ಆಫೀಸಿನ ಮೇಜಿನ ಮೇಲೆ ತಲೆಯಿಟ್ಟವಳು ಮತ್ತೆ ಎತ್ತಲಿಲ್ಲ. ಪಕ್ಕದ ಮೇಜಿನ ಟೈಪಿಸ್ಟ್ ಈಗ ಹಾಲಿಗೆ ಬಂದವರೆಲ್ಲರ ಮುಂದೆ ನಿಂತು ಅದೇ ಮಾತು ಹೇಳುತ್ತಿದ್ದಳು.

"ಜೊಂಪು ಹತ್ತಿರಬೇಕು ಅಂದ್ಕೊಂಡೆ ಕಣ್ರೀ. ಟೀ ಆರಬಾರದು ಅಂತ ತಟ್ಟೆ ಮುಚ್ಚಿಟ್ಟೆ. ಆರಿಹೋಯ್ತು ಅಂತ ಇನ್ನೊಂದು ತರಿಸ್ದೆ. ಅದಕ್ಕೂ ಮುಚ್ಚಿಟ್ಟೆ."

ಕೇಳಿದವರು ಅವಳ ಬೆನ್ನು ಸವರಿ ಮುಂದೆ ಹೋಗುತ್ತಿದ್ದರು. ಯಾರಿಗೂ ಇನ್ನೂ ನಂಬಿಕೆ ಬಂದಂತಿರಲಿಲ್ಲ. ತಂಗಿಗೆ ಅಳುವೇ ಬರಲಿಲ್ಲ. ನಾಲ್ಕು ವರ್ಷ ಅಕ್ಕನ ಮೇಲೆ ಹಲ್ಲು ಕಡಿದುಕೊಂಡು ಬದುಕಿದವಳು ಅವಳು. ಹಲ್ಲು ಕಡಿಯಲು ಅಕ್ಕನೇ ಇಲ್ಲ ಎಂದಾಗ ಒಳಗೆಲ್ಲ ಖಾಲಿಯಾಗಿ, ಕುಳಿತ ಬೆಂಚೂ ತನ್ನದಲ್ಲ ಅನ್ನಿಸುತ್ತಿತ್ತು.

* * *

ಮುಂಚೆ ಹೀಗಿರಲಿಲ್ಲ. ಭಾನುವಾರ ಬಂತೆಂದರೆ ತಂಗಿ ಮತ್ತು ಅವಳ ಗಂಡ ಊಟಕ್ಕೆ ಅಕ್ಕನ ಮನೆಗೇ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಗ್ರೀಸು ಹೋಗದವನು. ಅಧಿವೇಶನ ಹತ್ತಿರ ಬಂದಾಗ ಊಟದ ಮೇಜೇ ಸದನವಾಗುತ್ತಿತ್ತು. ಅಕ್ಕ ಮಂತ್ರಿ, ಭಾವ ವಿರೋಧ ಪಕ್ಷ.

"ಅಡುಗೆಗೆ ಉಪ್ಪು ಬಿದ್ದಿಲ್ಲವೆಂಬುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಭಾವ ಸೌಟು ಹಿಡಿದು ಎದ್ದು ನಿಲ್ಲುತ್ತಿದ್ದರು.

"ಬಂದಿರುವುದಿಲ್ಲ."

"ಬಂದಿಲ್ಲವಾದರೆ, ಮಾನ್ಯ ಮಂತ್ರಿಗಳು ಅದೇ ಅಡುಗೆಯನ್ನು ಯಾಕೆ ಪಕ್ಕಕ್ಕೆ ಸರಿಸಿದ್ದಾರೆ?"

ಅಕ್ಕ ನಗು ತಡೆಯಲಾಗದೆ ಸೋಲುತ್ತಿದ್ದಳು. "ಇದೇ ನೋಡಿ ಉಪಪ್ರಶ್ನೆ ಅಂದ್ರೆ," ಎಂದು ಮೆಕ್ಯಾನಿಕ್ಕಿಗೆ ಬಿಡಿಸಿ ಹೇಳುತ್ತಿದ್ದಳು. "ಮೊದಲನೇ ಪ್ರಶ್ನೆಗೆ ಉತ್ತರ ಬರೆದು ಕೈಗೆ ಕೊಟ್ಟಿರ್ತೀವಿ. ಮಂತ್ರಿ ಗಿಣಿ ಥರ ಓದ್ತಾರೆ. ಅದಾದ್ಮೇಲೆ ಶಾಸಕ ಎದ್ದು ಇನ್ನೊಂದು ಕೇಳಬಹುದು. ಅದಕ್ಕೆ ಮಂತ್ರಿ ಸ್ವಂತ ಬಾಯಿಂದ ಉತ್ತರ ಕೊಡಬೇಕು. ಸುಳ್ಳು ಸಿಕ್ಕಿಬೀಳೋದು ಅಲ್ಲೇ."

"ಕೇಳೋನಿಗೆ ಸರಿಯಾದ ಉಪಪ್ರಶ್ನೆ ಹೊಳೀದೇ ಇದ್ರೆ?"

"ನಮ್ಮ ಸಂಬಳ ಗಟ್ಟಿ," ಎಂದು ಅಕ್ಕ ಅವನ ತಟ್ಟೆಗೆ ಇನ್ನಷ್ಟು ಬಡಿಸುತ್ತಿದ್ದಳು.

ತಂಗಿ ಇದ್ದದ್ದು ಊರಿನ ಕೆಳಗಿನ ಬಡಾವಣೆಯಲ್ಲಿ. ಒಂದು ಬೇಸಿಗೆಯಲ್ಲಿ ಅಲ್ಲಿನ ನಲ್ಲಿ ನೀರು ಹಳದಿ ತಿರುಗಿ ನಾತ ಹೊಡೆಯತೊಡಗಿತು. ಬೀದಿಯವರೆಲ್ಲ ರುಜು ಹಾಕಿದ ದೂರನ್ನು ತಂಗಿ ಒಯ್ದು ಅಕ್ಕನ ಕೈಗೇ ಕೊಟ್ಟಳು. "ನಾನೇ ಮುದ್ರೆ ಹಾಕಿಸಿ ಒಳಗೆ ಕಳಿಸ್ತೀನಿ, ನೀನು ನಿಶ್ಚಿಂತೆಯಾಗಿರು," ಎಂದಳು ಅಕ್ಕ. ಮುದ್ರೆ ಬಿತ್ತು, ದೂರು ಒಳಗೂ ಹೋಯಿತು. ಅಲ್ಲಿಂದ ಪೈಪು ನೋಡಲು ಯಾರೂ ಬರಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಬೀದಿಯವರು ಒಬ್ಬೊಬ್ಬರೇ ವಾಂತಿಭೇದಿ ಹತ್ತಿ ಮಲಗಿದರು. ಮೊದಲು ಹೋದವರಲ್ಲಿ ಮೆಕ್ಯಾನಿಕ್ಕೂ ಒಬ್ಬ.

* * *

ಸಾವುಗಳ ಬಗ್ಗೆ ಸದನದಲ್ಲಿ ಪ್ರಶ್ನೆ ಬಂದ ದಿನ ತಂಗಿ ಯೂನಿಫಾರಂನಲ್ಲೇ ಸಾರ್ವಜನಿಕರ ಗ್ಯಾಲರಿಗೆ ಹೋಗಿದ್ದಳು. ಬಾಗಿಲಲ್ಲಿ ಅವಳ ಸೀಟಿಯನ್ನು ತೆಗೆದಿಟ್ಟುಕೊಂಡು ಒಳಗೆ ಬಿಟ್ಟರು. ಮೇಲಿನಿಂದ ನೋಡಿದರೆ ಎಲ್ಲವೂ ಕಾಣುತ್ತಿತ್ತು: ಎತ್ತರದ ಕುರ್ಚಿಯಲ್ಲಿ ಸಭಾಧ್ಯಕ್ಷರು, ಒಂದು ಕಡೆ ಮಂತ್ರಿಗಳು, ಎದುರಿಗೆ ವಿರೋಧ ಪಕ್ಷ, ಮಂತ್ರಿಗಳ ಬೆನ್ನ ಹಿಂದಿನ ಕಟಕಟೆಯಂಥ ಜಾಗದಲ್ಲಿ ಅಧಿಕಾರಿಗಳು. ಅಲ್ಲಿ ಕೊನೆಯ ಕುರ್ಚಿಯಲ್ಲಿ ಅಕ್ಕ.

ನೀರಿನ ಮಂತ್ರಿ ಎದ್ದು ಓದಿದರು. "ಸದರಿ ಬಡಾವಣೆಯ ನೀರಿನ ಬಗ್ಗೆ ಇಲಾಖೆಗೆ ಮುಂಚಿತವಾಗಿ ಯಾವುದೇ ದೂರು ಬಂದಿರುವುದಿಲ್ಲ."

ತಂಗಿ ಮುಂದಿನ ಕಂಬಿ ಹಿಡಿದು ಬಗ್ಗಿ ಅಕ್ಕನನ್ನೇ ನೋಡಿದಳು. ಕೆಳಗೆ ಗಲಾಟೆ ಎದ್ದಿತು. ಮಂತ್ರಿ ಹಿಂದಕ್ಕೆ ತಿರುಗಿ ಕಣ್ಸನ್ನೆ ಮಾಡಿದರು. ಅಕ್ಕ ಒಂದು ಚೀಟಿ ಬರೆದಳು, ಜವಾನ ಒಯ್ದು ಕೊಟ್ಟ, ಮಂತ್ರಿ ಓದಿದರು. "ಕಡತಗಳನ್ನು ಮತ್ತೊಮ್ಮೆ ಪರಿಶೀಲಿಸಲಾಗಿದೆ. ದೂರು ಬಂದಿರುವುದಿಲ್ಲ."

ಪ್ರಶ್ನೆ ಕೇಳಿದ್ದ ವಿರೋಧ ಪಕ್ಷದ ಶಾಸಕರು ಉಪಪ್ರಶ್ನೆಗೆಂದು ಎದ್ದರು. ಕೈಯಲ್ಲಿ ಒಂದು ಹಾಳೆ ಇತ್ತು. ಅದನ್ನು ನೋಡಿದರು, ಮಡಚಿ ಜೇಬಿಗಿಟ್ಟರು, ತಮ್ಮ ಕ್ಷೇತ್ರದ ಪಂಪ್‌ಹೌಸ್ ಕೆಲಸ ಯಾವಾಗ ಶುರುವಾಗುತ್ತದೆ ಎಂದು ಕೇಳಿ ಕುಳಿತರು. ಆಗ ಅಕ್ಕ ತಲೆ ತಗ್ಗಿಸಿದ್ದನ್ನು ತಂಗಿ ಕಂಡಳು. ಮಾಡಿದ ಪಾಪಕ್ಕೆ ನಾಚಿಕೆಯಾದರೂ ಆಯಿತಲ್ಲ ಎಂದುಕೊಂಡಳು.

ಆ ಸಂಜೆ ಅಕ್ಕ ಬಂದು ಬಾಗಿಲು ತಟ್ಟಿದಳು. ತಂಗಿ ಚಿಲಕ ತೆಗೆಯಲಿಲ್ಲ.

"ನಿನ್ನ ಉತ್ತರ ಮೇಲೆ ಕೂತು ಕೇಳಿದೆ," ಎಂದಳು ಒಳಗಿನಿಂದ. "ಇನ್ನು ನಿನ್ನ ಕೇಳೋದು ನನಗೇನೂ ಉಳಿದಿಲ್ಲ."

ಅಕ್ಕ ಬಹಳ ಹೊತ್ತು ಹೊರಗೇ ನಿಂತಿದ್ದಳು. ಆಮೇಲೆ ಅವಳ ಚಪ್ಪಲಿಯ ಸದ್ದು ದೂರವಾಯಿತು.

* * *

ಚಿತಾಗಾರದ ನೌಕರ ಒಳಗಿನಿಂದ ಇಣುಕಿದ. "ಮುಖ ನೋಡೋರು ಈಗ್ಲೇ ನೋಡ್ಕೊಂಡ್ಬಿಡಿ. ಕುಲುಮೆ ಬಾಗಿಲು ಹಾಕಿದ್ಮೇಲೆ ತೆಗೆಯೋಕಾಗಲ್ಲ."

ಟೈಪಿಸ್ಟ್ ಮತ್ತಿತರರು ಎದ್ದು ಹೋದರು. ಭಾವ ಬಾಗಿಲಲ್ಲಿ ನಿಂತು ತಂಗಿಯತ್ತ ನೋಡಿದರು. ಅವಳು ನೆಲ ನೋಡಿದಳು. ಹೋಗಬೇಕೆಂದು ಅವಳಿಗೆ ಎಷ್ಟು ಅನ್ನಿಸುತ್ತಿತ್ತೆಂದರೆ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಹೋದರೆ ಕ್ಷಮಿಸಿದಂತೆ. ಗಂಡನ ಸಾವಿಗೆ ಸುಳ್ಳು ಮುಚ್ಚಳ ಹಾಕಿದವಳನ್ನು ಹೇಗೆ ಕ್ಷಮಿಸುವುದು?

ಅಷ್ಟರಲ್ಲಿ ಕಾರು ಬಂದು ನಿಂತಿತು. ನೀರಿನ ಮಂತ್ರಿ ಇಳಿದರು. ಹಳೆಯ ಮಂತ್ರಿಯಲ್ಲ, ಅಂದು ಹಾಳೆ ಮಡಚಿ ಜೇಬಿಗಿಟ್ಟಿದ್ದ ಶಾಸಕರೇ ಚುನಾವಣೆಯಾದ ಮೇಲೆ ಇವತ್ತು ಮಂತ್ರಿ. ಒಳಗೆ ಹೋಗಿ ಕೈಮುಗಿದು ಹೊರಬಂದರು. ಚಾಲಕ ಕಾರು ತಿರುಗಿಸುವವರೆಗೆ ಕುಳಿತಿರೋಣವೆಂದು ತಂಗಿಯ ಬೆಂಚಿಗೇ ಬಂದರು.

"ನೀವು ಮೇಡಂ ಆಫೀಸಿನೋರಾ?"

"ಅಲ್ಲ. ಬಸ್ ಕಂಡಕ್ಟರು."

"ಹೌದೌದು, ಮೇಡಂ ಬಸ್ಸಲ್ಲೇ ಬರ್ತಿದ್ರು," ಎಂದರು ಮಂತ್ರಿ. ದಿನಾ ಕಂಡ ಪ್ರಯಾಣಿಕಳಿಗಾಗಿ ಬಂದ ಕಂಡಕ್ಟರ್ ಎಂದುಕೊಂಡು ಅವರ ಮನಸ್ಸು ಕರಗಿತು. "ನೋಡಿ, ನೀವೂ ಬಂದಿದ್ದೀರ. ಅಂಥ ಹೆಂಗಸು ಅವರು. ಸೊಳ್ಳೆಗೂ ಹೆದರೋ ಸ್ವಭಾವ. ಆದ್ರೂ ಒಂದ್ಸಲ ಎಂಥ ಕೆಲಸ ಮಾಡಿದ್ರು ಗೊತ್ತಾ? ಈಗ ಹೇಳಿದ್ರೆ ಅವರಿಗೇನೂ ಆಗಲ್ಲ ಬಿಡಿ."

ತಂಗಿ ಅವರ ಮುಖ ನೋಡಿದಳು.

"ನಾನಾಗ ವಿರೋಧ ಪಕ್ಷದಲ್ಲಿದ್ದೆ. ಕೆಳಗಿನ ಬಡಾವಣೆ ನೀರಿನ ಬಗ್ಗೆ ನನ್ನ ಪ್ರಶ್ನೆ ಇತ್ತು. ಹಿಂದಿನ ದಿನ ಬೆಳಗ್ಗೆ ಬೆಳಗ್ಗೆನೇ ಮನೆಗೆ ಬಂದ್ರು. ಕೂತ್ಕೊಳ್ಳಿ ಅಂದ್ರೆ ಕೂರಲಿಲ್ಲ. ನಾಳೆ ಉತ್ತರದಲ್ಲಿ ದೂರು ಬಂದಿಲ್ಲ ಅಂತ ಇರುತ್ತೆ ಸಾರ್, ಬರೆದೋಳು ನಾನೇ, ಮೇಲಿನೋರು ಬರೆಸಿದ್ದಾರೆ. ನಾನು ಬರೀದಿದ್ರೆ ಬೇರೆಯವರು ಬರೀತಾರೆ ಅಂದ್ರು. ನೀವು ಎದ್ದು ಇದನ್ನ ಕೇಳಿ ಅಂತ ಒಂದು ಹಾಳೆ ಕೊಟ್ರು."

"ಏನಿತ್ತು ಅದ್ರಲ್ಲಿ?"

"ಉಪಪ್ರಶ್ನೆ. ಇಂಥ ತಾರೀಕು, ಇಂಥ ನಂಬರಲ್ಲಿ ಬಂದ ದೂರು ಯಾರದು? ಅದನ್ನ ತಂದುಕೊಟ್ಟ ಹೆಂಗಸಿನ ಗಂಡ ಇವತ್ತು ಎಲ್ಲಿದ್ದಾನೆ? ಅಷ್ಟೇ. ಕೇಳಿದ್ರೆ ಆ ಮಂತ್ರಿ ಅವತ್ತೇ ಮನೆಗೆ."

ತಂಗಿ ಅವರತ್ತ ತಿರುಗಿ ಕುಳಿತಳು. ನಿದ್ದೆ ಬಂದವನಂತೆ ನಟಿಸುವ ಪ್ರಯಾಣಿಕನ ಹತ್ತಿರ ಟಿಕೆಟ್ ಕೇಳುವ ದನಿಯಲ್ಲಿ ಕೇಳಿದಳು. "ಕೇಳಿದ್ರಾ?"

"ಅವತ್ತು ಬೇರೆ ವಿಷಯ ಬಂತು."

"ಏನ್ ಬಂತು?"

"ನಮ್ಮ ಕ್ಷೇತ್ರಕ್ಕೆ ಪಂಪ್‌ಹೌಸ್. ಹಿಂದಿನ ಸಂಜೆ ತಾನೇ ಆ ಮಂತ್ರಿ ಮಂಜೂರು ಮಾಡಿದ್ರು. ಸಂಜೆ ಕೊಟ್ಟೋರನ್ನ ಬೆಳಗ್ಗೆ ಹೊಡೆಯೋಕಾಗುತ್ತಾ ಹೇಳಿ. ರಾಜಕೀಯ ಅಂದ್ರೆ ಹಾಗೇನೇ ತಾಯಿ."

"ಪುಟ್ಟಿ," ಎಂದು ಭಾವ ಒಳಬಾಗಿಲಿನಿಂದ ಕರೆದರು. "ಬಾ. ಮುಚ್ತಾರಂತೆ."

ತಂಗಿ ತಿರುಗದೆ ಅವರತ್ತ ಕೈ ಎತ್ತಿ ತಡೆದಳು. ಪಕ್ಕದಲ್ಲಿರುವ ಮನುಷ್ಯ ಈಗ ಎದ್ದುಹೋದರೆ ಮತ್ತೆ ಸಿಗುವವನಲ್ಲ.

"ಈಗ ನೀವೇ ಮಂತ್ರಿ. ದೂರು ಬಂದಿತ್ತು ಅಂತ ಈಗ ಹೇಳಬಹುದಲ್ಲ ಸಾರ್."

"ಮೇಡಮ್ಮೂ ಅದನ್ನೇ ಅಂದ್ರು ನೋಡಿ."

"ಯಾವಾಗ?"

"ಮೊನ್ನೆ. ಚೇಂಬರಿಗೆ ಬಂದಿದ್ರು. ಹಳೇ ಉತ್ತರ ಸುಳ್ಳು, ಸದನದಲ್ಲಿ ತಿದ್ದಿ ಹೇಳಿ, ಬರೆದ ತಪ್ಪಿಗೆ ನನ್ನ ಮೇಲೆ ಕ್ರಮ ತಗೊಳ್ಳಿ ಅಂದ್ರು."

"ನೀವೇನಂದ್ರಿ?"

"ಅದು ಪರಿಶೀಲನೆ ಮಾಡಬೇಕಾದ..."

"ನೀವೇನಂದ್ರಿ ಸಾರ್?"

ಮಂತ್ರಿ ತಮಗರಿವಿಲ್ಲದೆ ಎದ್ದು ನಿಂತಿದ್ದರು. "ಸತ್ತೋರು ಸತ್ರು ಮೇಡಂ, ಇನ್ನೊಂದ್ಸಲ ಈ ಮಾತು ತಂದ್ರೆ ನಿಮ್ಮ ಪಿಂಚಣಿ ಮರೆತುಬಿಡಿ ಅಂದೆ. ಸಿಟ್ಟಲ್ಲಿ ಅಂದಿದ್ದಲ್ಲ. ಸುಮ್ನೆ, ಮಾತಿಗೆ. ಅವರು ನಮಸ್ಕಾರ ಮಾಡಿ ಹೋದ್ರು." ಎದುರಿಗಿದ್ದ ಹೆಂಗಸಿನ ಮುಖ ಬಿಳಿಚಿದ್ದು ಕಂಡು ಅವರ ದನಿ ಇಳಿಯಿತು. "ನೀವು ಯಾವ ಬಸ್ಸಿನ ಕಂಡಕ್ಟರು?"

"ಕೆಳಗಿನ ಬಡಾವಣೆದು. ಆ ದೂರು ತಂದುಕೊಟ್ಟ ಹೆಂಗಸು ನಾನೇ. ಒಳಗಿರೋದು ನಮ್ಮಕ್ಕ."

ಮಂತ್ರಿ ಏನೋ ಹೇಳಲು ಬಾಯಿ ತೆರೆದರು. ಅದನ್ನು ಕೇಳಲು ಅವಳು ಅಲ್ಲಿರಲಿಲ್ಲ.

ಹಾಲು ದಾಟಿ, ಟೈಪಿಸ್ಟಳನ್ನು ಬದಿಗೆ ತಳ್ಳಿ, ಒಳಕೋಣೆಗೆ ನುಗ್ಗಿದಳು. ಹೆಣವನ್ನು ಕುಲುಮೆಯೊಳಗೆ ನೂಕುವ ತಟ್ಟೆಬಂಡಿ ಹಳಿಯ ಮೇಲೆ ಬರಿದಾಗಿ ನಿಂತಿತ್ತು. ಅದರಾಚೆಗೆ ಬೂದುಬಣ್ಣದ ಕಬ್ಬಿಣದ ಬಾಗಿಲು ಇಳಿದಾಗಿತ್ತು. ಗೋಡೆಯ ಹಿಂದೆ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

"ತೆಗೀರಿ," ಎಂದಳು ನೌಕರನಿಗೆ. "ಒಂದ್ಸಲ ತೆಗೀರಿ. ನಾನು ನೋಡಿಲ್ಲ."

"ಆಗಲ್ಲಮ್ಮ. ಶುರುವಾಯ್ತು."

"ಕರೆದೆನಲ್ಲ ಪುಟ್ಟಿ," ಎಂದರು ಭಾವ. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. "ನೀನು ಕೈ ಅಡ್ಡ ಮಾಡಿದೆ. ಬರಲ್ಲ ಅಂದ್ಕೊಂಡೆ."

ತಂಗಿ ಬಂಡಿಯನ್ನು ಬಳಸಿ ಮುಂದೆ ಹೋಗಿ ಬಾಗಿಲಿನ ಮೇಲೆ ಅಂಗೈ ಇಟ್ಟಳು. ಕಬ್ಬಿಣ ಬೆಚ್ಚಗಿತ್ತು, ಜ್ವರ ಬಂದವರ ಹಣೆಯಷ್ಟು.

"ಕೈ ತೆಗೀರಮ್ಮ," ಎಂದ ನೌಕರ. "ಇನ್ನೂ ಕಾಯುತ್ತೆ ಅದು."

ಅವಳು ಇನ್ನೊಂದು ಕೈಯನ್ನೂ ಇಟ್ಟಳು.