ಎಂಟು ಡಬ್ಬಿಯ ಗೆರೆ

ಗೋವಿನಕೋವಿಯ ದೊಡ್ಡಣ್ಣ ತೋಟಗಳ ಫಸಲನ್ನು ಖೇಣಿಗೆ, ಅಂದರೆ ಗುತ್ತಿಗೆಗೆ ಹಿಡಿದು, ಅಡಿಕೆ ಸುಲಿಸಿ, ಬೇಯಿಸಿ ಮಾರುವವನು. ಸುಲಿಯಲು ಜಗಳೂರು ಕಡೆಯಿಂದ ಒಂಬತ್ತು ಹೆಂಗಸರನ್ನು ಕರೆತರುವವಳು ದುರುಗಕ್ಕ. ಕೂಲಿ ಡಬ್ಬಿಯ ಲೆಕ್ಕದಲ್ಲಿ. ದುರುಗಕ್ಕ ದಿನಕ್ಕೆ ಹದಿಮೂರು ಡಬ್ಬಿ ತುಂಬುತ್ತಿದ್ದಳು. ಹೋದ ವರ್ಷ ಅದು ದೊಡ್ಡಣ್ಣನ ಕಣ್ಣಿಗೆ ಚುಚ್ಚಿತು. "ಕೂಲಿ ಹೆಂಗಸ್ರಿಗೆ ಮೇಷ್ಟ್ರ ಸಂಬಳನಾ? ಎಂಟು ಡಬ್ಬಿಗೆ ಕೂಲಿ, ಮೇಲಿಂದು ಪುಕ್ಕಟೆ" ಎಂದುಬಿಟ್ಟ. ಹಿಂದಿನ ವಾರಗಳ ಕೂಲಿ ಅವನ ಕೈಯಲ್ಲೇ ಇತ್ತು. ಎಲ್ಲರೂ ಹಲ್ಲು ಕಚ್ಚಿ ಸುಲಿದರು. ಆ ಉರಿ ದುರುಗಕ್ಕನಿಗೆ ವರ್ಷವಿಡೀ ಆರಲಿಲ್ಲ. ಬೇರೆಯವರು ಕರೆದರೂ ಹೋಗದೆ, ಈ ಸಲ ಬೇಕೆಂದೇ ಇಲ್ಲಿಗೆ ಬಂದಳು. ಎಂಟು ಡಬ್ಬಿಯ ಗೆರೆ ಹಾಗೇ ಇತ್ತು.

ಕೆಲಸ ಶುರುವಾದ ದಿನವೇ ಬೆಳಿಗ್ಗೆ ರಕ್ಷಾ ಎಂಬ ಕಾಲೇಜು ಹುಡುಗಿ ಸಮೀಕ್ಷೆಗೆಂದು ಪ್ರಶ್ನೆಗಳ ಹಾಳೆ ಹಿಡಿದು ಸುಲಿಯುವ ಶೆಡ್ಡಿಗೆ ಬಂದಳು.

"ಒಬ್ಬರು ಇಷ್ಟಕ್ಕಿಂತ ಜಾಸ್ತಿ ದುಡೀಬಾರದು ಅಂತ ಸರ್ಕಾರ ಮಿತಿ ಹಾಕಬಹುದಾ ಅಕ್ಕ?"

"ಹಾಕ್ಲಿ ಬಿಡವ್ವ, ನಮ್ಮ ತಂಕ ಅದೆಲ್ಲಿ ಬರ್ತೈತೆ" ಎಂದು ಸುಲಿಯುತ್ತಿದ್ದ ಬಂಗಾರಮ್ಮ ನಕ್ಕಳು.

"ಬ್ಯಾಡಪ್ಪ. ನಾಳೆ ನನ್ನ ಮಗನೇ ಸಾವ್ಕಾರ ಆದ್ರೆ?" ಎಂದಳು ಅವಳ ಪಕ್ಕದಲ್ಲಿದ್ದ ವನಜಾಕ್ಷಿ.

ದೊಡ್ಡಣ್ಣ ಗುಡುಗಿದ: "ದುಡಿಯೋರ ಕೈ ಕಟ್ಟಿದ್ರೆ ದೇಶ ಮಣ್ಣುಪಾಲು! ಯಾರ ಗಳಿಕೆಗೂ ಗೆರೆ ಎಳೀಬಾರ್ದು. ದೊಡ್ಡಕ್ಷರದಾಗೆ ಬರ್ಕ ತಾಯಿ."

ದುರುಗಕ್ಕನ ಕತ್ತಿ ನಿಂತಿತು. "ಮತ್ತೆ ನನ್ನ ಕೈ ಕಟ್ಟಿದ್ದು ಯಾರ್ರೀ ಸಾವ್ಕಾರ್ರೇ?"

"ಅದು ಬ್ಯಾರೆ, ಇದು ಬ್ಯಾರೆ. ಬಾಯಿ ಮುಚ್ಕಂಡು ಸುಲಿ."

ಆಕೆ ಮತ್ತೆ ಸುಲಿಯತೊಡಗಿದಳು. ಊಟದ ಹೊತ್ತಿನಲ್ಲಿ ಮಾತ್ರ ಹೆಂಗಸರಿಗೆ ಒಂದು ಮಾತು ಹೇಳಿದಳು: "ಎಂಟು ತುಂಬಿದ್ ಕೂಡ್ಲೇ ಎದ್ದುಬಿಡ್ರಿ."

ಐದು ಗಂಟೆಯೊಳಗೆ ಒಂದೊಂದಾಗಿ ಹತ್ತೂ ಕತ್ತಿಗಳು ನಿಂತವು. ಪುಕ್ಕಟೆ ಡಬ್ಬಿ ನಂಬಿಕೊಂಡು ದೊಡ್ಡಣ್ಣ ಎರಡು ತೋಟಗಳನ್ನು ಒಟ್ಟಿಗೇ ಕೊಯ್ಯಿಸಿದ್ದ. ಹಸಿಗಾಯಿಯ ರಾಶಿ ಆಗಲೇ ಬಿಸಿಯಾಗತೊಡಗಿತ್ತು. ಬೆಳಗಾಗುವುದರೊಳಗೆ ಸುಲಿದು ಬೇಯಿಸದಿದ್ದರೆ ಕೆಟ್ಟು, ಅರ್ಧ ಬೆಲೆಯೂ ಸಿಗದು.

"ಏನ್ರವ್ವ, ಹಬ್ಬನಾ ಇವತ್ತು?"

"ನೀವೇ ಎಳೆದ ಗೆರೆ ರೀ. ದಾಟಾಕೆ ಆಗ್ತೈತಾ?" ಎಂದಳು ದುರುಗಕ್ಕ.

ಅವನು ಹೊನ್ನಾಳಿಗೆ, ಚನ್ನಗಿರಿಗೆ ಫೋನು ಮಾಡಿದ. ಸುಗ್ಗಿಯಲ್ಲಿ ಸುಲಿಯುವವರು ಎಲ್ಲಿ ಸಿಗುತ್ತಾರೆ? ಕೊನೆಗೆ, "ಗೆರೆ ತೆಗೆದೀನಿ, ಕೂತ್ಕಳ್ರಿ" ಎಂದ.

"ಹೋದ ವರ್ಷದ ಪುಕ್ಕಟೆ ಡಬ್ಬಿಗಳ ಕೂಲಿ ಮೊದ್ಲು ಇಡ್ರಿ. ಹತ್ತೂ ಜನದ್ದು."

ದೊಡ್ಡಣ್ಣ ಬೈದ, ಕೂಗಾಡಿದ, ರಾಶಿಯೊಳಗೆ ಕೈಯಿಟ್ಟು ನೋಡಿದ, ಒಳಗೆ ಹೋಗಿ ದುಡ್ಡು ತಂದ. ಒಂಬತ್ತು ಜನ ಸುಲಿಯಲು ಕುಳಿತರು. ದುರುಗಕ್ಕ ಕೂರಲಿಲ್ಲ.

"ನೀನೂ ಕೂರವ್ವ. ನಿನ್ನ ಕೈ ಇಲ್ದಿದ್ರೆ ಇದು ಮುಗಿಯಂಗಿಲ್ಲ."

"ಅವರ ಗೆರೆ ನೀವು ತೆಗೆದ್ರಿ. ನಂದು ನಾನೇ ಇಟ್ಕಂಡೀನಿ" ಎಂದು ಆಕೆ ತನ್ನ ಕತ್ತಿಯನ್ನು ಅವನತ್ತ ತಳ್ಳಿದಳು.

ದೊಡ್ಡಣ್ಣ ಪಂಚೆ ಎತ್ತಿ ಕಟ್ಟಿ ನೆಲಕ್ಕೆ ಕುಳಿತ. ಮೂರನೇ ಕಾಯಿಗೇ ಹೆಬ್ಬೆರಳು ಕೊಯ್ದುಕೊಂಡ. ದುರುಗಕ್ಕ ಎದುರಿಗೆ ಡಬ್ಬಿಯೊಂದನ್ನು ಬೋರಲು ಹಾಕಿ ಕುಳಿತು ಎಲೆಗೆ ಸುಣ್ಣ ಸವರಿದಳು.

"ಬಿರ್ರನೆ ಸುಲೀರಿ ಸಾವ್ಕಾರ್ರೇ, ನಿಮ್ಮ ಡಬ್ಬಿ ಇನ್ನೂ ತಳ ಕಾಣ್ತೈತೆ."