ಹಳ್ಳಕ್ಕೆ ಎಳೆದ ತಂತಿ

ಹಕ್ಲುಮನೆಯವರು ಪೇಟೆಗೆ ಹೊರಟರೆ ಮೊದಲು ಹುಡುಕುವುದು ದೋಣಿಯನ್ನು. ಊರ ಮುಂದಿನ ಹಳ್ಳ ಭದ್ರಾ ಹಿನ್ನೀರಿಗೆ ಸೇರುವಲ್ಲಿ ಅಗಲವಾಗಿದೆ. ಹಳ್ಳದಲ್ಲಿ ಕೆಳಮುಖವಾಗಿ ಸ್ವಲ್ಪ ಹೊತ್ತು ಹುಟ್ಟು ಹಾಕಿದರೆ ಆಚೆ ದಡ, ಅಲ್ಲಿಂದ ನರಸಿಂಹರಾಜಪುರದ ಡಾಂಬರು ರಸ್ತೆ. ರೇಷನ್ನು, ಶಾಲೆ, ಆಸ್ಪತ್ರೆ ಎಲ್ಲಕ್ಕೂ ಇದೇ ದಾರಿ. ಕಾಡು ಸುತ್ತಿ ಹೋಗುವ ಮಣ್ಣುರಸ್ತೆಯೂ ಒಂದಿದೆ. ಮಳೆಗಾಲದಲ್ಲಿ ಅದನ್ನು ರಸ್ತೆ ಅನ್ನುವುದಕ್ಕೆ ಧೈರ್ಯ ಬೇಕು.

ಹೋದ ಬೇಸಿಗೆಯಲ್ಲಿ ಉಮಾಮಹೇಶ್ವರ ಬೇಲಿ ಹಾಕಲು ಹೊರಟ. ದೋಣಿ ಸಾಗುವ ದಾರಿಯಲ್ಲಿ ಹಳ್ಳದ ಎರಡೂ ದಡದಲ್ಲಿ ಅವನ ತೋಟವಿದೆ. ಯಾರೋ ದೋಣಿಯಲ್ಲಿ ಬಂದು ಅಡಿಕೆ ಕದ್ದಿದ್ದರು. ನೀರು ಇಳಿದಾಗಲೇ ಹಳ್ಳಕ್ಕೂ ಅಡ್ಡಲಾಗಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುವುದೆಂದು ತೀರ್ಮಾನಿಸಿದ. ಕೆಲಸಕ್ಕೆ ಊರವರನ್ನೇ ಮುಯ್ಯಾಳಿಗೆ ಕರೆದ. ಇವತ್ತು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು, ಕೂಲಿಯ ಮಾತಿಲ್ಲ. ಕರೆದರೆ ಹೋಗದಿರುವುದು ನಮ್ಮ ಕಡೆ ಮರ್ಯಾದೆಯಲ್ಲ. ಊರಿನ ವಾಸಪ್ಪನ ಗದ್ದೆ ನಾಟಿಗೆ ಉಮಾಮಹೇಶ್ವರನ ಮನೆಯಿಂದ ಆಳು ಬಂದಿತ್ತು. ಹಾಗಾಗಿ ಎಲ್ಲರಿಗಿಂತ ಮೊದಲು ಹಾರೆ ಹೊತ್ತು ಹೊರಟವನೇ ವಾಸಪ್ಪ.

ವಾಸಪ್ಪನ ಪಕ್ಕದ ಮನೆಯ ನೀಲಾಂಬಿಕೆ ಮಹಿಳಾ ಸಂಘ ನಡೆಸುವವಳು. ಸುಮ್ಮನಿರುವ ಜಾಯಮಾನ ಅವಳದಲ್ಲ. ದಡಕ್ಕೇ ಬಂದು ಅವನನ್ನು ತಡೆದಳು.

"ವಾಸಣ್ಣ, ತೋಟಕ್ಕೆ ಬೇಲಿ ಹಾಕ್ಲಿ, ಅದು ಅವರ ಜಾಗ. ನೀರಿಗೆ ಅಡ್ಡ ಎಂತಕ್ಕೆ?"

"ಎರಡೂ ಬದಿ ತೋಟ ಅವರದ್ದೇ. ನಡುವಿಂದು ಮತ್ಯಾರದ್ದು ನೀಲಕ್ಕ?"

"ಸರ್ಕಾರದ್ದು. ಹೊಳೆ, ಹಳ್ಳ ಯಾರ ಖಾತೆಗೂ ಸೇರೋದಿಲ್ಲ. ಜನ ಓಡಾಡೋ ದಾರಿ ಮುಚ್ಚೋಕೆ ಅವರಿಗೆ ಹಕ್ಕಿಲ್ಲ. ಎಲ್ಲ ಸೇರಿ ತಹಸೀಲ್ದಾರರಿಗೆ ಅರ್ಜಿ ಕೊಡೋಣ."

ವಾಸಪ್ಪ ನಕ್ಕುಬಿಟ್ಟ. ಮುಯ್ಯಾಳು ಕೊಟ್ಟ ಮನೆಯ ಮೇಲೆ ಅರ್ಜಿ ಹಾಕಿದರೆ ನಾಳೆ ತನ್ನ ಗದ್ದೆಗೆ ಯಾರು ಇಳಿಯುತ್ತಾರೆ ಎಂದು ಕೇಳಿದ. ದೋಣಿಗೆ ಗೇಟು ಬಿಡುತ್ತೇನೆಂದು ಉಮಾಮಹೇಶ್ವರ ಮಾತು ಕೊಟ್ಟಿದ್ದಾನೆ ಎಂದೂ ಹೇಳಿದ. ಕೈಯಲ್ಲಿ ಹಿಡಿದ ಕೆಲಸ ಅರೆಬರೆ ಮಾಡುವವನಲ್ಲ ವಾಸಪ್ಪ. ಒಂದೊಂದು ಕಂಬಕ್ಕೂ ತಂತಿಯನ್ನು ತಾನೇ ಬಿಗಿದು ಕಟ್ಟಿದ.

ಗೇಟು ಬರಲೇ ಇಲ್ಲ. ಬೇಸಿಗೆ ಮುಗಿಯುವ ತನಕ ಜನ ದೋಣಿಯಲ್ಲಿ ಅಂಗಾತ ಮಲಗಿ ತಂತಿಯಡಿ ನುಸುಳಿದರು. ಮಳೆ ಹಿಡಿದು ಹಿನ್ನೀರು ಏರಿತು, ಆ ಸಂದೂ ಮುಚ್ಚಿತು. ನೀಲಾಂಬಿಕೆ ಅರ್ಜಿ ಹಿಡಿದು ಮನೆಮನೆ ಸುತ್ತಿದಳು. ಮಳೆ ನಿಲ್ಲಲಿ ಎಂದರು ಎಲ್ಲರೂ. ಅವಳೊಬ್ಬಳೇ ಸಹಿ ಹಾಕಿ ಕೊಟ್ಟುಬಂದಳು. ಒಬ್ಬಳ ಅರ್ಜಿಯನ್ನು ಯಾರು ಕೇಳುತ್ತಾರೆ?

ಆಷಾಢದ ಒಂದು ಮಧ್ಯಾಹ್ನ ವಾಸಪ್ಪನ ಹೆಂಡತಿ ಸರೋಜ ಗದ್ದೆಯಂಚಿನಲ್ಲಿ ಹುಲ್ಲು ಕೊಯ್ಯುವಾಗ ನಾಗರಹಾವು ಕಚ್ಚಿತು. ಮಣ್ಣುರಸ್ತೆಗೆ ಮರ ಬಿದ್ದಿತ್ತು. ಆಂಬುಲೆನ್ಸಿನವರು ಆಚೆ ದಡದಲ್ಲಿ ನಿಂತಿರುತ್ತೇವೆ, ಕರೆತನ್ನಿ ಎಂದರು. ತಂತಿ ಹೇಗಾದರೂ ಬಿಚ್ಚಿದರಾಯಿತೆಂದು ವಾಸಪ್ಪ ದೋಣಿ ಬಿಟ್ಟ. ಸರೋಜಳ ತಲೆ ನೀಲಾಂಬಿಕೆಯ ಮಡಿಲಲ್ಲಿತ್ತು. ತಂತಿಯ ಹತ್ತಿರ ಬಂದಾಗ ಆಚೆ ದಡದ ಗಾಡಿ ಎದುರಿಗೇ ಕಾಣುತ್ತಿತ್ತು.

ವಾಸಪ್ಪ ಬರಿಗೈಯಲ್ಲಿ ಗಂಟು ಬಿಚ್ಚತೊಡಗಿದ. ಬಿಚ್ಚಲಾಗಲಿಲ್ಲ. ಕಟ್ಟಿದವನು ಅವನೇ, ಎಷ್ಟು ಬಿಗಿಯೆಂದು ಅವನಿಗೆ ಗೊತ್ತಿತ್ತು.

"ಸಾಕು ಬಿಡಿ," ಎಂದಳು ಸರೋಜ, ನಾಲಿಗೆ ಆಗಲೇ ತೊದಲುತ್ತಿತ್ತು. "ಕೈಯೆಲ್ಲ ರಕ್ತ."

ಅದೇ ಅವಳ ಕೊನೆಯ ಮಾತು. ಯಾರೋ ಓಡಿಹೋಗಿ ಕಟಿಂಗ್ ಪ್ಲೇಯರ್ ತಂದು ಈಜಿ ಬಂದು ತಂತಿ ಕತ್ತರಿಸುವಷ್ಟರಲ್ಲಿ ಉಸಿರು ನಿಂತಿತ್ತು. ಇನ್ನೂ ಸ್ವಲ್ಪ ಮೊದಲು ಬಂದಿದ್ದರೆ ಎಂದರು ಡಾಕ್ಟರು. ಆ ಮಾತನ್ನು ಅವರು ಹೇಳದಿದ್ದರೇ ಒಳ್ಳೆಯದಿತ್ತು.

ಉಮಾಮಹೇಶ್ವರ ಮನೆಗೆ ಬಂದು ತಲೆ ತಗ್ಗಿಸಿ ಕೂತ, ಅತ್ತ. ಆದರೆ ಸರೋಜಳ ತಿಥಿ ಮುಗಿಯುವ ಮೊದಲೇ ಕತ್ತರಿಸಿದ ತಂತಿಗೆ ಹೊಸ ತಂತಿ ಸೇರಿಸಲಾಗಿತ್ತು. ಈ ಸಲ ಮುಯ್ಯಾಳಿಗೆ ಊರಿನವರು ಯಾರೂ ಹೋಗಲಿಲ್ಲ, ಅವನು ಹೊರಗಿನಿಂದ ಕೂಲಿಯವರನ್ನು ಕರೆಸಿದ.

ವಾಸಪ್ಪ ನೀಲಾಂಬಿಕೆಯ ಜಗಲಿಗೆ ಬಂದು ನಿಂತ.

"ಆ ಅರ್ಜಿಗೆ ನಾನೂ ಸೈನ್ ಹಾಕ್ತೆ ನೀಲಕ್ಕ," ಎಂದ.

ಈಗ ಇಡೀ ಊರಿನ ಸಹಿಯಿದೆ. ನೀರು ಇಳಿದ ಮೇಲೆ ಸರ್ವೆ ಮಾಡುತ್ತಾರಂತೆ. ಬೇಲಿ ಅಲ್ಲೇ ಇದೆ. ಮಕ್ಕಳು ಕಾಡು ಸುತ್ತಿ ಶಾಲೆಗೆ ಹೋಗುತ್ತಿದ್ದಾರೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಿನ ಹೊಳೆಗೋ ಹಳ್ಳಕ್ಕೋ ಮೊದಲ ಕಂಬ ಬಂದ ದಿನವೇ ಪಂಚಾಯ್ತಿಗೆ, ತಾಲೂಕು ಕಚೇರಿಗೆ ಹೋಗಿ. ಹತ್ತು ಮನೆಯವರು ಒಟ್ಟಿಗೆ ಹೋಗಿ, ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ಬೇಲಿ ಹಾಕುವವನು ನಿಮ್ಮ ನೆಂಟನೇ ಇರಬಹುದು, ಆದರೂ ಕೇಳಿ. ಮುಯ್ಯಾಳಿಗೆ ಕರೆದರೆ ಹೋಗಬೇಡಿ ಎನ್ನುವುದಿಲ್ಲ. ಹಾರೆ ಎತ್ತುವ ಮೊದಲು ಗುಂಡಿ ಎಲ್ಲಿ ತೋಡುತ್ತಿದ್ದೀರಿ ಎಂದು ಒಮ್ಮೆ ನೋಡಿ. ವಾಸಪ್ಪ ನೋಡಿರಲಿಲ್ಲ.